ಅತಿಥಿಯ ಸ್ತುತಿ, ಮನೆಯವನ ದೂರು

ಪರದೇಶಕ್ಕೆ ಹೋಗಿ ನೆಲೆಸಿದ ಜನರ ಹಾಡುಗಬ್ಬವನ್ನು ಕುರಿತು ವಿಚಾರಿಸುವವರು ಸಾಮಾನ್ಯವಾಗಿ ಅದರಲ್ಲಿ ಎರಡು ಭಾವಗಳನ್ನು ಮಾತ್ರ ಹುಡುಕುವುದುಂಟು. ಬಿಟ್ಟುಬಂದ ನಾಡಿನ ಹಂಬಲವೊಂದು. ಬಂದು ಸೇರಿದ ನಾಡಿನಲ್ಲಿ ಪಟ್ಟ ಅವಮಾನದ ಕೋಪವಿನ್ನೊಂದು. ಇವೆರಡೂ ಅಲ್ಲಿ ಇಲ್ಲವೆಂದಲ್ಲ. ಆದರೆ ಇವುಗಳಿಂದಲೇ ಆ ಹಾಡುಗಳ ಬೆಲೆಯನ್ನು ಕಟ್ಟಹೊರಟರೆ ಅವುಗಳೊಳಗೆ ನಡೆದಿರುವ ಮುಖ್ಯವಾದ ವ್ಯಾಪಾರವೊಂದು ಕಣ್ಣಿಗೆ ಬೀಳದೆ ಹೋಗುತ್ತದೆ. ಹಾಡುವವನು ಯಾವ ಸ್ಥಾನದಲ್ಲಿ ನಿಂತು ಹಾಡುತ್ತಾನೆ, ಕೇಳುವವನನ್ನು ಯಾವ ಸಂಬಂಧ ಹಿಡಿದು ಕರೆಯುತ್ತಾನೆ ಎಂಬುದೇ ಆ ವ್ಯಾಪಾರ. ಮನೆಗೆ ಬಂದ ಅತಿಥಿಯು ಮನೆಯನ್ನು ಹೊಗಳುತ್ತಾನೆ. ಅಡಿಗೆ ರುಚಿಯಾಗಿಲ್ಲದಿದ್ದರೂ ರುಚಿಯಾಗಿತ್ತೆಂದೇ ಹೇಳಿ ಕೈ ತೊಳೆಯುತ್ತಾನೆ. ಮನೆಯ ಮಗನಾದರೋ ಸಾರಿಗೆ ಉಪ್ಪು ಸಾಲದೆಂದು ಎಲೆಯ ಮುಂದೆ ಕುಳಿತೇ ಹೇಳುತ್ತಾನೆ. ಇದರಿಂದ ಹೊಗಳಿಕೆಯಲ್ಲಿ ಪ್ರೀತಿಯಿಲ್ಲವೆಂದಾಗಲಿ, ದೂರಿನಲ್ಲಿ ದ್ವೇಷವಿದೆಯೆಂದಾಗಲಿ ಸಿದ್ಧವಾಗುವುದಿಲ್ಲ. ಸಿದ್ಧವಾಗುವುದು ಇಷ್ಟೆ: ದೂರುವ ಅಧಿಕಾರವು ಮನೆಯವನಿಗೆ ಸೇರಿದ್ದು.

ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಇಂಡೀಸ್ ದ್ವೀಪಗಳಿಂದ ಇಂಗ್ಲೆಂಡಿಗೆ ಹೋಗಿ ನಿಂತ ಜನರ ಸಂಗೀತವನ್ನು ಈ ದೃಷ್ಟಿಯಿಂದ ನೋಡಿದರೆ ಅದರ ನಡೆ ಸ್ಪಷ್ಟವಾಗುತ್ತದೆ. ಆ ನಡೆಯ ಆದಿಯಲ್ಲಿ, ೧೯೪೮ರಲ್ಲಿ, ಒಂದು ಸ್ತುತಿಯಿದೆ; ಮೂವತ್ತೆರಡು ವರ್ಷಗಳ ಅನಂತರ, ೧೯೮೦ರಲ್ಲಿ, ಒಂದು ಬೈಗುಳವಿದೆ. ಮೇಲುನೋಟಕ್ಕೆ ಇದು ಸ್ನೇಹವು ಕೆಟ್ಟು ಹಗೆಯಾದ ಕಥೆಯೆಂದು ತೋರಬಹುದು. ವಾಸ್ತವವಾಗಿ ಅದು ಅತಿಥಿಯು ಮನೆಯವನಾದ ಕಥೆ.

೧

೧೯೪೮ನೆಯ ಇಸವಿ ಜೂನ್ ತಿಂಗಳಿನಲ್ಲಿ 'ಎಂಪೈರ್ ವಿಂಡ್‌ರಷ್' ಎಂಬ ಹಡಗು ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರನ್ನು ಹೊತ್ತು ಥೇಮ್ಸ್ ನದಿಯ ಟಿಲ್ಬರಿ ರೇವನ್ನು ಸೇರಿತು. ಪ್ರಯಾಣಿಕರಲ್ಲಿ ಬಹುಮಂದಿ ಜಮೇಯಿಕ, ಟ್ರಿನಿಡಾಡ್ ಮೊದಲಾದ ದ್ವೀಪಗಳವರು. ಯುದ್ಧಕಾಲದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ದುಡಿದವರೂ ಅವರಲ್ಲಿ ಹಲವರಿದ್ದರು. ರೇವಿಗೆ ಬಂದಿದ್ದ ವಾರ್ತಾಚಿತ್ರದವರು ಅವರಲ್ಲೊಬ್ಬ ಗಾಯಕನನ್ನು ಗುರುತಿಸಿ, ಒಂದು ಹಾಡು ಹೇಳೆಂದು ಕೇಳಿದರು. ಅವನು ವಾದ್ಯವಿಲ್ಲದೆಯೇ, ಹಡಗಿನಲ್ಲಿ ಕಟ್ಟಿದ್ದ ಹೊಸ ಹಾಡೊಂದನ್ನು ಹೇಳಿದನು. ಅದರ ಹೆಸರು 'ಲಂಡನ್ ಈಸ್ ದಿ ಪ್ಲೇಸ್ ಫಾರ್ ಮಿ'. ಲಂಡನ್ನೇ ತನಗೆ ತಕ್ಕ ಊರೆಂದು ಅದರ ಅರ್ಥ. ಗಾಯಕನಿಗೆ ಆಗ ಇಪ್ಪತ್ತಾರು ವಯಸ್ಸು. ಅವನ ನಿಜನಾಮ ಆಲ್ಡ್ವಿನ್ ರಾಬರ್ಟ್ಸ್. ಟ್ರಿನಿಡಾಡಿನ ಅರಿಮ ಎಂಬ ಊರಿನವನು. ಜನರು ಅವನನ್ನು ಬಲ್ಲುದು ಲಾರ್ಡ್ ಕಿಚನರ್ ಎಂಬ ಬಿರುದಿನಿಂದ. ಆಳುವವರ ದೊಡ್ಡ ಹೆಸರುಗಳನ್ನು ಬಿರುದಾಗಿ ಧರಿಸುವುದು ಆ ದ್ವೀಪದ ಕ್ಯಾಲಿಪ್ಸೊ ಗಾಯಕರ ವಾಡಿಕೆ. ಅದೇ ಹಡಗಿನಲ್ಲಿ ಬಂದ ಎಗ್ಬರ್ಟ್ ಮೂರ್ ಎಂಬವನಿಗೆ ಲಾರ್ಡ್ ಬಿಗಿನರ್ ಎಂದು ಬಿರುದಿತ್ತು. ಪ್ರಭುವಿನ ಹೆಸರನ್ನು ಬಡವನು ತೊಟ್ಟು ಮೆರೆಯುವ ಈ ಪದ್ಧತಿಯಲ್ಲಿಯೇ ಒಂದು ನಗೆಯಿದೆ, ಆ ನಗೆಯಲ್ಲಿ ಒಂದು ಮೊನೆಯಿದೆ.

ಕ್ಯಾಲಿಪ್ಸೊ ಎಂಬುದು ಊರಿನ ಸುದ್ದಿಯನ್ನು ಹಾಡಾಗಿ ಹೇಳುವ ಕಲೆ. ಕಾರ್ನಿವಲ್ ಉತ್ಸವದ ದಿನಗಳಲ್ಲಿ ಗಾಯಕನು ಅಧಿಕಾರಿಗಳನ್ನೂ ಸಿರಿವಂತರನ್ನೂ ಹೆಸರಿಡಿದು ಹಾಸ್ಯ ಮಾಡುವನು. ಸರಕಾರವು ೧೯೩೪ರಲ್ಲಿ ಕಾಯಿದೆಯೊಂದನ್ನು ಮಾಡಿ ಇಂಥ ಹಾಡುಗಳಿಗೆ ಅಂಕೆಯಿಟ್ಟುದರಿಂದಲೇ ಅವುಗಳ ಬಲವು ಎಷ್ಟೆಂಬುದನ್ನು ಊಹಿಸಬಹುದು. ಇಂಥ ಪರಂಪರೆಯಲ್ಲಿ ಬೆಳೆದವನು ರೇವಿನಲ್ಲಿ ಕಾಲಿಡುತ್ತಲೇ ಹೊಗಳತೊಡಗಿದನಲ್ಲ, ಅದೇಕೆ? ಮುಖಸ್ತುತಿಯೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಆ ಹಾಡನ್ನು ಕಟ್ಟಿದಾಗ ಕಿಚನರನು ಲಂಡನ್ನನ್ನು ಕಂಡೇ ಇರಲಿಲ್ಲವೆಂಬುದನ್ನು ನೆನೆಯಬೇಕು. ಅವನು ಹೊಗಳಿದ ಲಂಡನ್ ಪಾಠಪುಸ್ತಕದ ಲಂಡನ್. ಆ ದ್ವೀಪಗಳ ಮಕ್ಕಳಿಗೆ ಇಂಗ್ಲೆಂಡು ತಾಯಿನಾಡೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಡಗು ಬಂದ ಮರುತಿಂಗಳೇ ಅಂಗೀಕಾರವಾದ ೧೯೪೮ರ ರಾಷ್ಟ್ರೀಯತೆಯ ಕಾಯಿದೆಯು ವಸಾಹತುಗಳವರನ್ನೂ ಇಂಗ್ಲೆಂಡಿನವರನ್ನೂ ಒಂದೇ ಪೌರತ್ವದಲ್ಲಿ ಸೇರಿಸಿತು. ಆಸ್ಥಾನಕವಿಯು ರಾಜನನ್ನು ಧರ್ಮಿಷ್ಠನೆಂದು ಪ್ರಶಸ್ತಿಯಲ್ಲಿ ಬರೆದಾಗ, ರಾಜನು ಹಾಗಿದ್ದಾನೆಂಬ ವರದಿಗಿಂತಲೂ ಹಾಗಿರಬೇಕೆಂಬ ಜ್ಞಾಪನೆಯೇ ಅದರಲ್ಲಿ ಹೆಚ್ಚು. ಕಿಚನರನ ಹಾಡೂ ಅಂಥ ಪ್ರಶಸ್ತಿಯೇ. 'ನೀವೇ ಕೊಟ್ಟ ಮಾತನ್ನು ನಂಬಿ ಬಂದಿದ್ದೇನೆ' ಎಂಬ ಧ್ವನಿ ಅದರ ಹೊಗಳಿಕೆಯ ಹಿಂದೆ ನಿಂತಿದೆ. ಮುಂದೆ ಮುದ್ರಿತವಾದ ಧ್ವನಿಮುದ್ರಿಕೆಯಲ್ಲಿ ಪಿಯಾನೊ ವಾದ್ಯವು ವೆಸ್ಟ್‌ಮಿನ್‌ಸ್ಟರ್ ಗಡಿಯಾರದ ಘಂಟಾನಾದವನ್ನು ಅನುಕರಿಸುತ್ತ ಹಾಡಿಗೆ ಮೊದಲಾಗುತ್ತದೆ. ರಾಜಧಾನಿಯ ಗಂಟೆಗೆ ದ್ವೀಪದ ತಾಳವು ಜತೆಗೂಡುವ ಆ ಕ್ಷಣದಲ್ಲಿ ಅತಿಥಿಯ ವಿನಯವೂ ಇದೆ, ಸಲುಗೆಯ ಮೊದಲ ಹೆಜ್ಜೆಯೂ ಇದೆ.

ಸಲುಗೆ ಬೆಳೆಯಲು ಬಹುಕಾಲ ಹಿಡಿಯಲಿಲ್ಲ. ೧೯೫೦ರ ಜೂನ್ ತಿಂಗಳಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಶ್ಚಿಮ ಇಂಡೀಸ್ ತಂಡವು ಇಂಗ್ಲೆಂಡ್ ತಂಡವನ್ನು ೩೨೬ ಓಟಗಳಿಂದ ಸೋಲಿಸಿತು. ಇಂಗ್ಲೆಂಡಿನ ನೆಲದಲ್ಲಿ ಅದು ಅವರಿಗೆ ದೊರೆತ ಪ್ರಥಮ ಟೆಸ್ಟ್ ವಿಜಯ. ಆ ಪಂದ್ಯದಲ್ಲಿ ಹನ್ನೊಂದು ಹುದ್ದರಿಗಳನ್ನು ಉರುಳಿಸಿದ ಸನ್ನಿ ರಾಮಾಧೀನನು ಟ್ರಿನಿಡಾಡಿಗೆ ಕೂಲಿಗಳಾಗಿ ಹೋದ ಭಾರತೀಯರ ವಂಶದವನು. ಆಟ ಮುಗಿದೊಡನೆ ಕಿಚನರನು ಗಿಟಾರು ಹಿಡಿದು, ತನ್ನವರ ಗುಂಪನ್ನು ಹಿಂದಿಟ್ಟುಕೊಂಡು, ಮೈದಾನವನ್ನು ಸುತ್ತಿ ಊರೊಳಕ್ಕೆ ಹಾಡುತ್ತ ಹೊರಟನು. ಲಾರ್ಡ್ ಬಿಗಿನರನು ಆ ವಿಜಯವನ್ನು ಹಾಡಾಗಿ ಕಟ್ಟಿದನು. ಗೆದ್ದುದಕ್ಕೆ ನಲಿಯುವುದು ಅತಿಥಿಧರ್ಮಕ್ಕೆ ಮೀರಿದ್ದೇನಲ್ಲ. ಆದರೂ ಆತಿಥೇಯನ ಅಂಗಳದಲ್ಲಿಯೇ ಅವನ ಸೋಲನ್ನು ಹಾಡುವುದು ಬರಿಯ ಅತಿಥಿಯಿಂದ ಆಗುವ ಕೆಲಸವಲ್ಲ.

೨

ಇವರು ಹಾಡಿನೊಡನೆ ಹೊತ್ತುತಂದದ್ದು ಬೀದಿಯ ನೆನಪನ್ನು. ಟ್ರಿನಿಡಾಡಿನಲ್ಲಿ ಡೋಲು ಬಾರಿಸುತ್ತ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ ರಕ್ತ ಹರಿದಿತ್ತು. ೧೮೮೧ರಲ್ಲಿ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಕಾರ್ನಿವಲ್ಲಿನ ಪಂಜಿನ ಮೆರವಣಿಗೆಯನ್ನು ತಡೆಯಲು ಬಂದ ಪೋಲೀಸರಿಗೂ ದಾಸ್ಯದಿಂದ ಬಿಡುಗಡೆ ಹೊಂದಿದವರ ಮಕ್ಕಳಿಗೂ ಕಾಳಗವಾಯಿತು. ೧೮೮೪ರಲ್ಲಿ ಕಾಯಿದೆಯಿಂದ ಡೋಲಿಗೂ ಪಂಜಿಗೂ ನಿರ್ಬಂಧ ಬಂತು. ಅದೇ ವರ್ಷದ ಅಕ್ಟೋಬರ್ ೩೦ರಂದು ಮೊಹರಮ್ಮಿನ ತಾಬೂತುಗಳನ್ನು ಹೊತ್ತು ಸಾನ್ ಫರ್ನಾಂಡೊ ಪಟ್ಟಣದೊಳಕ್ಕೆ ಬರುತ್ತಿದ್ದ ಭಾರತೀಯ ಕೂಲಿಗಳ ಮೇಲೆ ಗುಂಡು ಹಾರಿಸಿದರು; ಅನೇಕರು ಸತ್ತರು. ಕಲ್ಕತ್ತ ಮದರಾಸು ರೇವುಗಳಿಂದ ೧೮೪೫ ಮೊದಲುಗೊಂಡು ೧೯೧೭ರ ವರೆಗೆ ಆ ದ್ವೀಪಕ್ಕೆ ಒಯ್ದ ೧,೪೦,೦೦೦ಕ್ಕೂ ಹೆಚ್ಚಿನ ಕೂಲಿಗಳ ಪೈಕಿ ಅವರೂ ಸೇರಿದವರು. ಆ ಮೆರವಣಿಗೆಯಲ್ಲಿ ಮುಸಲ್ಮಾನರೊಡನೆ ಹಿಂದೂಗಳೂ ಹೆಜ್ಜೆಯಿಡುತ್ತಿದ್ದರು. ಡೋಲಿಗೆ ನಿರ್ಬಂಧ ಬಿದ್ದಾಗ ಜನರು ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಮುಂದೆ ಬಿಸ್ಕತ್ತಿನ ಡಬ್ಬಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಬಡಿದು, ತಟ್ಟಿ, ಸ್ವರ ಹೊರಡಿಸಿದರು. ಸ್ಟೀಲ್ ಪ್ಯಾನ್ ಎಂಬ ವಾದ್ಯವು ಹುಟ್ಟಿದ್ದು ಹೀಗೆ. ೧೯೫೧ರಲ್ಲಿ ಬ್ರಿಟನ್ನಿನ ಮಹೋತ್ಸವಕ್ಕೆಂದು ಟ್ರಿನಿಡಾಡಿನಿಂದ ಬಂದ ಸ್ಟೀಲ್ ವಾದ್ಯಮೇಳವು ಲಂಡನ್ನಿನ ಜನರನ್ನು ಬೆರಗುಗೊಳಿಸಿತು. ಅದನ್ನು ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ಅದರ ಹುಟ್ಟನ್ನು ಬಲ್ಲವರಿದ್ದರೋ!

ಆದರೆ ಇಂಗ್ಲೆಂಡಿನ ಬೀದಿಯು ಇವರಿಗೆ ಬೇಗನೆ ಒಲಿಯಲಿಲ್ಲ. ಬಾಡಿಗೆಗೆ ಕೋಣೆ ಸಿಗುವುದು ಕಷ್ಟವಾಯಿತು. ನೃತ್ಯಶಾಲೆಗಳ ಬಾಗಿಲು ಎಷ್ಟೋ ಕಡೆ ಮುಚ್ಚಿತ್ತು. ೧೯೫೮ರ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯಲ್ಲಿ ಬಿಳಿಯರ ಗುಂಪುಗಳು ಕರಿಯರ ಮನೆಗಳ ಮೇಲೆ ಬಿದ್ದುವು. ಇದಕ್ಕೆ ಉತ್ತರವಾಗಿ ಕ್ಲಾಡಿಯಾ ಜೋನ್ಸ್ ಎಂಬಾಕೆಯು ಮಾಡಿದ ಕೆಲಸವು ವಿಚಿತ್ರವೆನಿಸಬಹುದು: ಆಕೆ ಒಂದು ಉತ್ಸವವನ್ನು ಏರ್ಪಡಿಸಿದಳು. ಟ್ರಿನಿಡಾಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಸಮತಾವಾದದ ನಿಮಿತ್ತ ಅಲ್ಲಿಂದ ೧೯೫೫ರಲ್ಲಿ ಗಡೀಪಾರಾಗಿ ಲಂಡನ್ನಿಗೆ ಬಂದ ಈ ಪತ್ರಿಕೋದ್ಯಮಿಯು ೧೯೫೯ರ ಜನವರಿ ೩೦ರಂದು ಸೇಂಟ್ ಪ್ಯಾಂಕ್ರಾಸ್ ಪುರಭವನದೊಳಗೆ ಕೆರಿಬಿಯನ್ ಕಾರ್ನಿವಲ್ಲನ್ನು ನಡೆಯಿಸಿದಳು. ಉತ್ಸವದ ಪುಸ್ತಿಕೆಯ ಮಾರಾಟದಿಂದ ಬಂದ ಹಣದಲ್ಲಿ ಒಂದು ಭಾಗವು ಗಲಭೆಯ ಮೊಕದ್ದಮೆಗಳಲ್ಲಿ ತರುಣರಿಗೆ ವಿಧಿಸಿದ ದಂಡವನ್ನು ತೆರುವುದಕ್ಕೆ ಮೀಸಲಾಯಿತು. ಹಾಡು ಕುಣಿತಗಳು ದುಃಖವನ್ನು ಮರೆಸುವುದಕ್ಕೆ ಮಾತ್ರವೆಂದು ತಿಳಿದವರಿಗೆ ಆಕೆಯ ಲೆಕ್ಕದ ಪುಸ್ತಕವೇ ಉತ್ತರ ಹೇಳುತ್ತದೆ.

ಆ ಉತ್ಸವವು ನಡೆದದ್ದು ಛಾವಣಿಯ ಕೆಳಗೆ. ೧೯೬೬ರಲ್ಲಿ ನಾಟಿಂಗ್ ಹಿಲ್ಲಿನಲ್ಲಿ ರೋನ್ ಲ್ಯಾಸ್ಲೆಟ್ ಎಂಬಾಕೆ ನಡೆಯಿಸಿದ ಮಕ್ಕಳ ಜಾತ್ರೆಯಲ್ಲಿ ರಸೆಲ್ ಹೆಂಡರ್ಸನ್ನನ ಸ್ಟೀಲ್ ವಾದ್ಯಮೇಳವು ವಾದ್ಯಗಳನ್ನು ಕೊರಳಿಗೆ ತೂಗಿಕೊಂಡು ಬೀದಿಗಿಳಿದು ನಡೆಯತೊಡಗಿತು. ಜನರು ಹಿಂದೆ ಹಿಂದೆ ನಡೆದರು. ಎಂಟು ವರ್ಷಗಳ ಹಿಂದೆ ಹೆದರಿ ಬಾಗಿಲು ಹಾಕಿಕೊಂಡಿದ್ದ ಬೀದಿಯಲ್ಲಿಯೇ ಈ ನಡಿಗೆ. ಅತಿಥಿಯು ಜಗಲಿಯ ವರೆಗೆ ಬರಬಹುದು. ಅಂಗಳದಲ್ಲಿ ರಂಗೋಲಿಯಿಡುವವರು ಮನೆಯವರು. ಈ ವ್ಯತ್ಯಾಸವನ್ನು ಸರಕಾರವೂ ಅರಿಯದೆ ಇರಲಿಲ್ಲ. ೧೯೭೬ರ ಆಗಸ್ಟ್ ತಿಂಗಳಿನ ಕಾರ್ನಿವಲ್ಲಿಗೆ ಸುಮಾರು ೩,೦೦೦ ಪೋಲೀಸರನ್ನು ಕಳುಹಿಸಿದರು. ಉತ್ಸವವು ಕಾಳಗದಲ್ಲಿ ಮುಗಿಯಿತು. ಟ್ರಿನಿಡಾಡಿನ ೧೮೮೧ನೆಯ ವರ್ಷವು ಲಂಡನ್ನಿನಲ್ಲಿ ಮರಳಿ ಹುಟ್ಟಿದಂತಾಯಿತು.

೩

ಬೀದಿಯಲ್ಲಿ ಹೀಗೆ ನಡೆದುದು ನುಡಿಯಲ್ಲಿ ಹೇಗೆ ನಡೆಯಿತೆಂಬುದನ್ನು ತಿಳಿಯಲು ಲಿಂಟನ್ ಕ್ವೆಸಿ ಜಾನ್ಸನ್ ಅವರ ಕವಿತೆಗಳನ್ನು ನೋಡಬೇಕು. ಇವರು ೧೯೫೨ರಲ್ಲಿ ಜಮೇಯಿಕದ ಹಳ್ಳಿಗಾಡಿನಲ್ಲಿ ಹುಟ್ಟಿ, ೧೯೬೩ರಲ್ಲಿ ಬಾಲಕರಾಗಿ ಲಂಡನ್ನನ್ನು ಸೇರಿದವರು. ಜಮೇಯಿಕದ ಸಂಗೀತಗಾರರು ಹಾಡಿನಿಂದ ಮಾತನ್ನು ತೆಗೆದು, ಡೋಲನ್ನೂ ಮಂದ್ರದ ತಂತಿಯನ್ನೂ ಮಾತ್ರ ಉಳಿಸಿ, ಪ್ರತಿಧ್ವನಿಯನ್ನು ಬೆರಸಿ, ಡಬ್ ಎಂಬೊಂದು ಬಗೆಯನ್ನು ಕಂಡುಕೊಂಡಿದ್ದರು. ಆ ಬರಿದಾದ ಜಾಗದಲ್ಲಿ ಜಾನ್ಸನ್ನರು ಕವಿತೆಯನ್ನು ತಂದು ನಿಲ್ಲಿಸಿದರು. ಅವರು ರಾಗ ಹಿಡಿದು ಹಾಡುವುದಿಲ್ಲ. ಸಾವಧಾನವಾಗಿ, ಸ್ವರವನ್ನು ಏರಿಸದೆ, ತಾಳಕ್ಕೆ ಹೊಂದಿಸಿ ಹೇಳುತ್ತಾರೆ. ವಾದ್ಯಗಳ ಭಾಗವನ್ನು ನೋಡಿಕೊಂಡವರು ಬಾರ್ಬೆಡೋಸಿನಿಂದ ಬಂದ ಡೆನಿಸ್ ಬೊವೆಲ್. ಇವರಿಬ್ಬರ ಕೂಟದಿಂದ ೧೯೭೮, ೧೯೭೯, ೧೯೮೦ ಈ ಮೂರು ವರ್ಷಗಳಲ್ಲಿ ಮೂರು ಧ್ವನಿಮುದ್ರಿಕೆಗಳು ಹೊರಬಂದುವು.

ಅವರು ಬಳಸಿದ ಭಾಷೆ ಜಮೇಯಿಕದ ಜನರ ಆಡುನುಡಿ. ಗ್ರಾಂಥಿಕ ಇಂಗ್ಲಿಷನ್ನು ಕಲಿತವರಿಗೆ ಅದು ಕೆಟ್ಟ ಇಂಗ್ಲಿಷೆಂದು ತೋರಬಹುದು. ಆದರೆ ಕಾಗುಣಿತವನ್ನು ಕೂಡ ಉಚ್ಚಾರಣೆಗೆ ತಕ್ಕಂತೆ ಬದಲಿಸಿ ಬರೆದುದರಲ್ಲಿ ಒಂದು ನಿರ್ಧಾರವಿದೆ: ಕೇಳುವವನೇ ಹಾಡುವವನ ಬಳಿಗೆ ನಡೆದು ಬರಬೇಕು. ಕಿಚನರನು ಆತಿಥೇಯನಿಗೆ ಅರ್ಥವಾಗುವ ನುಡಿಯಲ್ಲಿ ಹಾಡಿದನು. ಜಾನ್ಸನ್ನರು ಮನೆಯೊಳಗೆ ಆಡುವ ನುಡಿಯಲ್ಲಿ ಹೇಳಿದರು. ೨೦೦೨ರಲ್ಲಿ ಪೆಂಗ್ವಿನ್ ಸಂಸ್ಥೆಯು ತನ್ನ ಆಧುನಿಕ ಶ್ರೇಷ್ಠಗ್ರಂಥಗಳ ಮಾಲೆಯಲ್ಲಿ ಈ ನುಡಿಯ ಕವಿತೆಗಳನ್ನು ಪ್ರಕಟಿಸಿತು. ಆ ಮಾಲೆಗೆ ಸೇರಿದ ಕರಿಯ ಕವಿಗಳಲ್ಲಿ ಅವರೇ ಮೊದಲಿಗರು.

೧೯೭೯ರ 'ಸನ್ನಿಯ ಪತ್ರ'ವು ಇವುಗಳಲ್ಲಿ ಪ್ರಸಿದ್ಧವಾದುದು. ಆಗ್ಗೆ ೧೮೨೪ರ ಅಲೆಮಾರಿಗಳ ಕಾಯಿದೆಯ ಒಂದು ವಿಧಿಯನ್ನು ಹಿಡಿದು, ಸಂಶಯವೊಂದರ ಮೇಲೆಯೇ ಯಾರನ್ನಾದರೂ ಸೆರೆಹಿಡಿಯುವ ಅಧಿಕಾರವನ್ನು ಪೋಲೀಸರು ಚಲಾಯಿಸುತ್ತಿದ್ದರು. ಅದರ ಪೆಟ್ಟು ಕರಿಯ ತರುಣರಿಗೇ ಹೆಚ್ಚಾಗಿ ತಗಲುತ್ತಿತ್ತು. ಕವಿತೆಯಲ್ಲಿ ಸನ್ನಿಯೆಂಬ ಹುಡುಗನು ಬ್ರಿಕ್ಸ್‌ಟನ್ ಸೆರೆಮನೆಯಿಂದ ತಾಯಿಗೆ ಪತ್ರ ಬರೆಯುತ್ತಾನೆ. ವಿಳಾಸ, ಕುಶಲಪ್ರಶ್ನೆ, ಮರ್ಯಾದೆ ಇವೆಲ್ಲವನ್ನೂ ಚೆನ್ನಾಗಿ ಬೆಳೆಸಿದ ಮಗನು ಬರೆಯುವಂತೆಯೇ ಬರೆಯುತ್ತಾನೆ. ತಮ್ಮನನ್ನು ನೋಡಿಕೊಳ್ಳುತ್ತೇನೆಂದು ಕೊಟ್ಟ ಮಾತನ್ನು ನಡೆಸಲಾಗಲಿಲ್ಲವೆಂದು ತಿಳಿಸುತ್ತಾನೆ. ಸಂಜೆಯ ಹೊತ್ತು ಇಬ್ಬರೂ ಬಸ್ಸಿಗೆ ಕಾದು ನಿಂತಿದ್ದಾಗ ಪೋಲೀಸರು ಬಂದು ತಮ್ಮನನ್ನು ಹಿಡಿದರು, ಹೊಡೆದರು. ಇಲ್ಲಿಗೆ ಬರುತ್ತಲೂ ಪತ್ರದ ನಿಧಾನವು ಕದಡುತ್ತದೆ. ಪ್ರಾಸಗಳು ಒತ್ತೊತ್ತಾಗಿ ಬೀಳುತ್ತವೆ. ಒಂದೊಂದು ಅಂಗಕ್ಕೂ ಬಿದ್ದ ಒಂದೊಂದು ಪೆಟ್ಟನ್ನು ಕವಿತೆ ಎಣಿಸುತ್ತದೆ. ತಡೆಯಲಾರದೆ ಸನ್ನಿಯೂ ತಿರುಗಿ ಹೊಡೆದನು. ಒಬ್ಬ ಪೋಲೀಸನು ಸತ್ತನು. ತಮ್ಮನ ಮೇಲೆ ಸಂಶಯದ ಅಪರಾಧ, ತನ್ನ ಮೇಲೆ ಕೊಲೆಯ ಅಪರಾಧ. ಇಷ್ಟಾದ ಮೇಲೆ ಪತ್ರವು ಮತ್ತೆ ಮೊದಲಿನ ಮರ್ಯಾದೆಗೆ ಬಂದು, ತಾಯಿಗೆ ಧೈರ್ಯ ಹೇಳಿ, ಮಗನೆಂದು ಹೆಸರು ಹಾಕಿ ಮುಗಿಯುತ್ತದೆ. ಸರಕಾರವನ್ನು ಖಂಡಿಸುವ ಒಂದು ಮಾತನ್ನೂ ಸನ್ನಿಯ ಬಾಯಲ್ಲಿ ಕವಿ ಹಾಕಿಲ್ಲ. ಕರುಣವೂ ಕೋಪವೂ ಹುಟ್ಟುವುದು ಆ ಪತ್ರದ ಸೌಜನ್ಯಕ್ಕೂ ಅದು ತಿಳಿಸುವ ಸಂಗತಿಗೂ ನಡುವೆ ಇರುವ ಅಂತರದಲ್ಲಿ. ಆ ವಿಧಿಯು ೧೯೮೧ರಲ್ಲಿ ರದ್ದಾಯಿತು. ಅದಕ್ಕಾಗಿ ಹೋರಾಡಿದವರು ಬಹುಮಂದಿ. ಕವಿತೆಯೊಂದರಿಂದಲೇ ಅದು ಆಯಿತೆನ್ನುವುದು ಅತಿಶಯೋಕ್ತಿ. ವಿಧಿಯು ಹೋದ ಮೇಲೂ ಕವಿತೆಯು ಉಳಿದುದು ವಿಮರ್ಶಕನು ಗಮನಿಸಬೇಕಾದ ಅಂಶ.

ಕಿಚನರನ ಸ್ತುತಿಯ ಎದುರಿಗೆ ನಿಲ್ಲಿಸಬೇಕಾದ ಕವಿತೆ ಬೇರೊಂದಿದೆ. ಅದು ೧೯೮೦ರ ಧ್ವನಿಮುದ್ರಿಕೆಯದು. ಅದರ ಹೆಸರಿನಲ್ಲಿಯೇ ಇಂಗ್ಲೆಂಡಿಗೆ ಬೀದಿಯ ಬೈಗುಳವೊಂದಿದೆ. ಅದನ್ನು ನುಡಿಯುವವನು ಐವತ್ತೈದು ವಯಸ್ಸಿನ ಕೂಲಿಗಾರ; ಬರೆದ ಕವಿಗೆ ಆಗ ಮೂವತ್ತೂ ತುಂಬಿರಲಿಲ್ಲ. ತಂದೆಯ ತಲೆಮಾರಿನ ಬಾಯಿಂದ ಮಗನ ತಲೆಮಾರು ಮಾತಾಡಿದೆ. ಲಂಡನ್ನಿಗೆ ಹೊಸದಾಗಿ ಬಂದಾಗ ನೆಲದಡಿಯ ರೈಲಿನಲ್ಲಿ ದುಡಿದೆ, ಹೋಟಲಿನಲ್ಲಿ ಪಾತ್ರೆ ಬೆಳಗಿದೆ, ಚಳಿಯಲ್ಲಿ ಗುಂಡಿ ತೋಡಿದೆ, ಹಗಲೂ ದುಡಿದೆ, ಇರುಳೂ ದುಡಿದೆ. ಆದರೂ ತನ್ನವರನ್ನು ಸೋಮಾರಿಗಳೆನ್ನುತ್ತಾರೆ. ಈಗ ಕಾರ್ಖಾನೆಯವರೂ ಬೇಡವೆಂದರು ಎಂದು ಅವನು ಲೆಕ್ಕ ಒಪ್ಪಿಸುತ್ತಾನೆ. ನುಡಿನುಡಿಗೂ ಬೈಗುಳವು ಪಲ್ಲವಿಯಾಗಿ ತಿರುಗಿ ಬರುತ್ತದೆ. ಆ ಪಲ್ಲವಿಯಲ್ಲಿ ಬೈಗುಳಕ್ಕೆ ಜತೆಯಾಗಿ ಬರುವುದೊಂದು ಮಾತಿದೆ: ಇದರಿಂದ ತಪ್ಪಿಸಿಕೊಂಡು ಓಡುವಂತಿಲ್ಲ. ಕೊನೆಗೆ ಅವನು ಕೇಳುವುದು ಹಿಂದಿರುಗುವ ಹಡಗಿನ ವಿಚಾರವನ್ನಲ್ಲ. ಇನ್ನು ಇದಕ್ಕೆ ಏನು ಮಾಡೋಣವೆಂಬುದನ್ನು. ಬಿಟ್ಟು ಹೋಗುವವನು ದೂರುವುದಿಲ್ಲ, ಬಾಗಿಲೆಳೆದುಕೊಂಡು ನಡೆಯುತ್ತಾನೆ. ಇಲ್ಲೇ ಇರುವೆನೆಂದು ನಿಶ್ಚಯಿಸಿದವನಿಗೆ ಬೈಯುವ ಅವಶ್ಯಕತೆಯುಂಟು.

೪

ದಾಸಸಾಹಿತ್ಯವನ್ನು ಓದಿದ ವಾಚಕರಿಗೆ ನಿಂದಾಸ್ತುತಿಯೆಂಬ ಬಗೆಯು ಅಪರಿಚಿತವಲ್ಲ. ದೇವರನ್ನು ಜಿಪುಣನೆಂದೂ ಮಾತಿಗೆ ತಪ್ಪಿದವನೆಂದೂ ದಾಸರು ಜರೆಯುತ್ತಾರೆ. ಆ ಧೈರ್ಯವು ಅವರಿಗೆ ಬಂದುದು ಸಂಬಂಧದ ಬಲದಿಂದ. ಜಾನ್ಸನ್ನರ ಕವಿತೆಯನ್ನು ನಿಂದಾಸ್ತುತಿಯೆನ್ನಲಾಗದು. ಅದರ ನಿಂದೆಯೊಳಗೆ ಮುಚ್ಚಿಟ್ಟ ಸ್ತುತಿಯಿಲ್ಲ. ಆದರೆ ನಿಂದೆಗೆ ಎಡೆಯಾಗುವ ಸಂಬಂಧವು ಎರಡು ಕಡೆಯೂ ಒಂದೇ. ಪರಕೀಯನನ್ನು ಯಾರೂ ಇಷ್ಟು ಶ್ರದ್ಧೆಯಿಂದ ಜರೆಯರು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಸುದ್ದಿಯನ್ನು ಹಿಡಿದು ಕಟ್ಟಿದ ಕವಿತೆಯು ಸುದ್ದಿಯೊಡನೆಯೇ ಹಳಸುವುದಿಲ್ಲವೆ? ಆಕ್ಷೇಪವು ನಿರಾಧಾರವಾದುದಲ್ಲ. ಸಭೆಗೆ ಕರೆ ಕೊಡುವುದಕ್ಕೆಂದೇ ಜಾನ್ಸನ್ನರು ಬರೆದ ಕೆಲವು ಕವಿತೆಗಳಲ್ಲಿ ಘೋಷಣೆಯು ಕಾವ್ಯವನ್ನು ಮೀರಿದೆ. ಈಗ ಕೇಳಿದರೆ ಬೊವೆಲ್ಲರ ವಾದ್ಯವೇ ಅವುಗಳನ್ನು ಎತ್ತಿ ಹಿಡಿದಿರುವುದು ತಿಳಿಯುತ್ತದೆ. ಎಲ್ಲಿ ಕವಿಯು ಒಬ್ಬ ವ್ಯಕ್ತಿಯನ್ನೋ ಒಂದು ಇರುಳನ್ನೋ ಕಣ್ಣೆದುರಿಗೆ ತಂದಿರುವರೋ ಅಲ್ಲಿ ಕವಿತೆ ಸುದ್ದಿಯನ್ನು ದಾಟಿದೆ. ೧೯೮೧ರ ಜನವರಿ ೧೮ರಂದು ಲಂಡನ್ನಿನ ನ್ಯೂ ಕ್ರಾಸ್ ಎಂಬಲ್ಲಿ ಹುಟ್ಟುಹಬ್ಬದ ಕೂಟ ನಡೆದಿದ್ದ ಮನೆಗೆ ಬೆಂಕಿ ಬಿದ್ದು ಹದಿಮೂರು ಮಂದಿ ಕರಿಯ ತರುಣ ತರುಣಿಯರು ಮಡಿದರು. ಮಾರ್ಚ್ ೨ರಂದು ಸುಮಾರು ೨೦,೦೦೦ ಜನರು ಮೆರವಣಿಗೆಯಲ್ಲಿ ನಡೆದು ನ್ಯಾಯ ಬೇಡಿದರು. ಬೆಂಕಿಯ ಕಾರಣವನ್ನು ನಿರ್ಣಯಿಸಲು ೧೯೮೧ರಲ್ಲಿಯೂ ೨೦೦೪ರಲ್ಲಿಯೂ ಕುಳಿತ ಪಂಚಾಯಿತರು ತೀರ್ಮಾನವನ್ನು ತೆರೆದೇ ಇಟ್ಟರು. ೧೯೮೪ರಲ್ಲಿ ಹೊರಬಂದ ಜಾನ್ಸನ್ನರ ಕವಿತೆಯು ಬೆಂಕಿಯಿಂದ ಆರಂಭವಾಗುವುದಿಲ್ಲ. ಹೋಗುವವರ ಬರುವವರ ಸಡಗರದಿಂದ, ಕುಣಿತದಿಂದ, ನಗೆಯಿಂದ ಆರಂಭವಾಗುತ್ತದೆ. ಅಮೇಲೆ ಬೆಂಕಿ. ಸತ್ತವರು ಮೊದಲು ಬದುಕಿದ್ದರೆಂಬುದನ್ನು ಕಾಣಿಸಿಕೊಡುವ ಈ ಕ್ರಮವು ಯಾವ ಪತ್ರಿಕೆಯ ವರದಿಯಲ್ಲಿಯೂ ದೊರೆಯುವಂಥದಲ್ಲ. ಸುದ್ದಿ ಹಳಸಬಹುದು, ಈ ಕ್ರಮ ಹಳಸದು.

ಹಾಡುಗಳಿಂದ ಮನೆ ದೊರೆಯಿತೆ ಎಂದು ಕೇಳಿದರೆ ಪೂರ್ಣವಾದ ಉತ್ತರ ಸಿಗುವುದಿಲ್ಲ. ೧೯೭೩ಕ್ಕೆ ಮುನ್ನ ಬಂದು ನೆಲೆಸಿದವರಿಗೆ ಅಲ್ಲಿಯೇ ಇರುವ ಹಕ್ಕನ್ನು ೧೯೭೧ರ ಕಾಯಿದೆಯು ಕೊಟ್ಟಿತ್ತು. ಅವರು ಬಂದಿಳಿದುದನ್ನು ತೋರಿಸುವ ಹಳೆಯ ಚೀಟಿಗಳನ್ನು ೨೦೧೦ರಲ್ಲಿ ಸರಕಾರದ ಇಲಾಖೆಯೇ ನಾಶಮಾಡಿತು. ಮುಂದೆ ಅವರಲ್ಲಿ ಅನೇಕರನ್ನು ದಾಖಲೆ ತೋರಿಸಿರೆಂದು ಕೇಳಿ, ಕೆಲಸದಿಂದ ತೆಗೆದು, ಚಿಕಿತ್ಸೆಯನ್ನು ನಿರಾಕರಿಸಿ, ಕೆಲವರನ್ನು ದೇಶದಿಂದಲೇ ಹೊರಡಿಸಿದ್ದು ೨೦೧೮ರಲ್ಲಿ ಬಯಲಾಯಿತು. ಪ್ರಧಾನಮಂತ್ರಿ ಕ್ಷಮೆ ಕೇಳಬೇಕಾಯಿತು. ಎಪ್ಪತ್ತು ವರ್ಷಗಳ ಬಳಿಕವೂ ಮನೆಯವರನ್ನು ಅತಿಥಿಗಳೆಂದೇ ಎಣಿಸಿದ್ದರು. ಆ ಸಮಯದಲ್ಲಿ ವಾರ್ತಾಚಿತ್ರದ ಹಳೆಯ ತುಣುಕು, ಟೋಪಿ ಧರಿಸಿ ರೇವಿನಲ್ಲಿ ನಿಂತು ಲಂಡನ್ನನ್ನು ಹೊಗಳುವ ಆ ತರುಣ, ಮತ್ತೆ ಮತ್ತೆ ಜನರ ಕಣ್ಣಿಗೆ ಬಿದ್ದನು. ಚೀಟಿಗಳು ಹೋಗಿದ್ದುವು, ಹಾಡು ಉಳಿದಿತ್ತು.

ಆದಕಾರಣ ಈ ಎರಡು ಹಾಡುಗಳಲ್ಲಿ ಒಂದನ್ನು ಭೋಳೆತನವೆಂದೂ ಇನ್ನೊಂದನ್ನು ಕೃತಘ್ನತೆಯೆಂದೂ ಅಳೆಯುವುದು ಸಲ್ಲದು. ಕಿಚನರನು ಮಾತನ್ನು ನೆನಪಿಗೆ ತಂದನು. ಜಾನ್ಸನ್ನರ ಮುದುಕನು ಆ ಮಾತಿನ ಬಾಕಿಯನ್ನು ಕೇಳಿದನು. ಮೊದಲನೆಯದನ್ನು ಕೇಳಿ ಒಡನೆಯೇ ಎರಡನೆಯದನ್ನು ಕೇಳಿದ ಸಹೃದಯರಿಗೆ, ಸ್ತುತಿಯಲ್ಲಿ ಅಡಗಿದ್ದ ಹಕ್ಕೂ ಬೈಗುಳದಲ್ಲಿ ಅಡಗಿರುವ ನಂಟೂ ತಾವಾಗಿಯೇ ತಿಳಿಯುತ್ತವೆ.